ಹದಿಮೂರು ವರ್ಷದ ಸೆಡಾನ್, ಹದಿನಾಲ್ಕು ಸಾವಿರ ರೂಪಾಯಿ: ಒಂದು ಪ್ರಕರಣ ಅಧ್ಯಯನ

ಕಾರು 2012ರ ಜರ್ಮನ್ ಸೆಡಾನ್. ಯಾವ ಕಂಪನಿಯದೆಂದು ಹೇಳುವುದಿಲ್ಲ. ಮುಂದೆ ಬರುವ ಸಂಗತಿಗಳಲ್ಲಿ ಮುಕ್ಕಾಲು ಪಾಲು ಆ ವಯಸ್ಸಿನ ಯಾವ ದುಬಾರಿ ಕಾರಿಗೂ ಸಲ್ಲುತ್ತವೆ. ನನ್ನ ಹೆಂಡತಿಯ ತಮ್ಮ 2023ರಲ್ಲಿ ಅದನ್ನು ಎಂಟೂವರೆ ಲಕ್ಷಕ್ಕೆ ಕೊಂಡ. ಹೊಸದರಲ್ಲಿ ಅದರ ಬೆಲೆ ನಲವತ್ತು ಲಕ್ಷದ ಮೇಲಿತ್ತು. ಕೊಳ್ಳುವಾಗ ಎಂಜಿನ್ ನೋಡಿದ, ಗೇರ್‌ಬಾಕ್ಸ್ ನೋಡಿದ, ಅಪಘಾತದ ಗುರುತು ಹುಡುಕಿದ. ರಾತ್ರಿ ಓಡಿಸಿ ನೋಡಲಿಲ್ಲ, ಹಿಂದಿನ ಸೀಟಿನಲ್ಲಿ ಕುಳಿತೂ ನೋಡಲಿಲ್ಲ. ಹಳೆಯ ಕಾರು ಕೊಳ್ಳಲು ಹೋದವರಲ್ಲಿ ಈ ಎರಡನ್ನು ಮಾಡಿದವರನ್ನು ನಾನಿನ್ನೂ ಕಂಡಿಲ್ಲ.

ಈ ಕಾರಿಗೆ ಮುಖ್ಯವಾಗಿ ಒಂದೇ ಕೆಲಸ. ಹದಿನೈದು ದಿನಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಬನಶಂಕರಿಯಿಂದ ಹೊರಟು, ಕನಕಪುರ ರಸ್ತೆಯಲ್ಲಿ ಹಾರೋಹಳ್ಳಿ ದಾಟಿ ಅವರ ತೋಟಕ್ಕೆ ಹೋಗುವುದು. ಕತ್ತಲಾದ ಮೇಲೆ ವಾಪಸು ಬರುವುದು. ಹಿಂದಿನ ಎಡ ಸೀಟು ನನ್ನ ಅತ್ತೆಯದು. ವಯಸ್ಸು ಎಪ್ಪತ್ತನಾಲ್ಕು, ಎರಡು ಮಂಡಿಯೂ ಸವೆದಿವೆ. 2025ರ ಜನವರಿಯ ಒಂದು ರಾತ್ರಿ ರಸ್ತೆಯ ಅಂಚಿನಲ್ಲಿ ದೀಪವೂ ಇಲ್ಲದೆ, ಹಿಂದೆ ಹೊಳೆಯುವ ಪಟ್ಟಿಯೂ ಇಲ್ಲದೆ ನಿಂತಿದ್ದ ಟ್ರ್ಯಾಕ್ಟರ್ ಟ್ರೇಲರ್ ಕೊನೆಯ ಗಳಿಗೆಯಲ್ಲಷ್ಟೇ ಕಣ್ಣಿಗೆ ಬಿತ್ತು. ಕಾರು ನಿಂತಿತು, ಅತ್ತೆಯ ಮಂಡಿ ಮುಂದಿನ ಸೀಟಿಗೆ ಬಡಿಯಿತು. ಮರುದಿನ ನನಗೆ ಫೋನ್ ಬಂತು. ನಾನು ಕಾರ್ಖಾನೆಯೊಂದರ ವಿದ್ಯುತ್ ನಿರ್ವಹಣೆಯಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಬಂಧುಬಳಗದ ಮಿಕ್ಸಿ, ಗೀಸರ್, ಯುಪಿಎಸ್‌ಗಳೆಲ್ಲ ನನ್ನ ಪಾಲಿನವು. ಈಗ ಕಾರೂ ಸೇರಿತು.

"ಭಾವ, ಜೆ.ಸಿ. ರಸ್ತೆಯಲ್ಲಿ ವಿಚಾರಿಸಿಕೊಂಡು ಬಂದಿದ್ದೇನೆ. ಎಲ್ಲ ಸೇರಿ ತೊಂಬತ್ತೆರಡು ಸಾವಿರ ಆಗುತ್ತದೆಯಂತೆ. ದುಡ್ಡು ಕೊಡುವ ಮೊದಲು ನೀವೊಮ್ಮೆ ನೋಡುತ್ತೀರಾ?"

ಜೆ.ಸಿ. ರಸ್ತೆಯೆಂದರೆ ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಸಾಲು. ಪಟ್ಟಿ ತರಿಸಿಕೊಂಡು ನೋಡಿದೆ. ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬು, ಒಳಗೆ ಅರವತ್ತನಾಲ್ಕು ಬಣ್ಣದ ಅಲಂಕಾರ ದೀಪ, ಸೀಟುಗಳಿಗೆ ಹೊಸ ಹೊದಿಕೆ, ನಾಲ್ಕೂ ಬಾಗಿಲಿಗೆ ಶಬ್ದ ತಡೆಯುವ ಹಾಳೆ, ಹೊಸ ಮ್ಯಾಟು. ಅಂಗಡಿಯವರದು ಮೋಸವೇನಲ್ಲ, ಕೇಳಿದ್ದಕ್ಕೆ ಬೆಲೆ ಹೇಳಿದ್ದಾರೆ. ಆದರೆ ಇದೇ ಕಾರು 2012ರಲ್ಲಿ ಇದೇ ರಸ್ತೆಯಲ್ಲಿ ಚೆನ್ನಾಗಿ ಬೆಳಕು ಕೊಡುತ್ತಿತ್ತು, ಮೆತ್ತಗೆ ಓಡುತ್ತಿತ್ತು. ಆ ಬೆಳಕು, ಆ ಮೆತ್ತನೆ ಎಲ್ಲಿ ಹೋದವು ಎಂದು ಯಾರೂ ಕೇಳಿರಲಿಲ್ಲ. ಅದನ್ನು ಹುಡುಕೋಣ, ಹದಿನೈದು ಸಾವಿರ ದಾಟದಿರೋಣ, ಬೇಡವೆಂದಾಗ ಬಿಚ್ಚಿ ಮೊದಲಿನಂತೆ ಮಾಡಲು ಬರುವುದನ್ನು ಮಾತ್ರ ಮಾಡೋಣ ಎಂದು ಇಬ್ಬರೂ ಒಪ್ಪಿಕೊಂಡೆವು. ಆನೆ ಕೊಂಡವನಿಗೆ ಅಂಕುಶದ ದುಡ್ಡು ಭಾರವಾಯಿತೇ ಎಂದು ಹೆಂಡತಿ ನಕ್ಕಳು.

ಗೋಡೆಯ ಮುಂದೆ

ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಒಂದು ಬಿಳಿ ಗೋಡೆಯಿದೆ. ರಾತ್ರಿ ಹತ್ತರ ಮೇಲೆ ಗೋಡೆಯಿಂದ ಸರಿಯಾಗಿ ಐದು ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ ಡಿಪ್ ಬೆಳಕು, ಎಂದರೆ ಎದುರಿನವರ ಕಣ್ಣಿಗೆ ಹೊಡೆಯದಂತೆ ತಗ್ಗಿಸಿದ ಬೆಳಕು, ಹಾಕಿದೆವು. ಗೋಡೆಯ ಮೇಲೆ ಗೆರೆ ಎಳೆದಂತೆ ಬೆಳಕು ಕತ್ತರಿಸಿರಬೇಕು: ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲು, ಎಡಬದಿಯಲ್ಲಿ ಗೆರೆ ಸ್ವಲ್ಪ ಮೇಲಕ್ಕೆ ಏರಿರಬೇಕು. ನಾವು ಎಡಗಡೆ ಓಡಿಸುವವರಾದ್ದರಿಂದ ರಸ್ತೆಯ ಎಡ ಅಂಚು, ನಡೆಯುವವರು, ನಿಂತ ಟ್ರ್ಯಾಕ್ಟರುಗಳು ಕಾಣಲೆಂದು ಈ ಏರಿಕೆ. ನಮ್ಮ ಗೋಡೆಯ ಮೇಲೆ ಗೆರೆಯೇ ಇರಲಿಲ್ಲ. ಬಟ್ಟೆಯ ಹಿಂದೆ ಹಚ್ಚಿಟ್ಟ ಲಾಟೀನಿನಂತೆ ಬೆಳಕು ಎಲ್ಲ ಕಡೆ ಹರಡಿತ್ತು. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಗೋಡೆಗೆ ಒರಗಿಸಿದೆ. ಎಡದೀಪ 40, ಬಲದೀಪ 55. ಇಂಥ ಆ್ಯಪಿನ ಅಂಕಿಯನ್ನು ಪ್ರಯೋಗಾಲಯದ ಲೆಕ್ಕವೆಂದು ನಂಬಬಾರದು. ಅದೇ ಫೋನನ್ನು ಅದೇ ಜಾಗದಲ್ಲಿ ಇಟ್ಟು ಮೊದಲಿಗೂ ಆಮೇಲಿಗೂ ಹೋಲಿಸಲು ಮಾತ್ರ ಅದು ಸಾಕು.

ಇಷ್ಟರಲ್ಲಿ ಭಾವಮೈದುನ ಚೀಲದಿಂದ ಒಂದು ಪೆಟ್ಟಿಗೆ ತೆಗೆದ. ಎಲ್‌ಇಡಿ ಬಲ್ಬಿನ ಜೋಡಿ, ನಾಲ್ಕೂವರೆ ಸಾವಿರ ಕೊಟ್ಟು ಆಗಲೇ ಆನ್‌ಲೈನಿನಲ್ಲಿ ತರಿಸಿಬಿಟ್ಟಿದ್ದ. ಪೆಟ್ಟಿಗೆಯ ಮೇಲೆ 20,000 ಲ್ಯೂಮೆನ್ (ಬಲ್ಬು ಕೊಡುವ ಒಟ್ಟು ಬೆಳಕಿನ ಅಳತೆ) ಎಂದಿತ್ತು, ಪಕ್ಕದಲ್ಲೇ 60 ವ್ಯಾಟ್ ಎಂದೂ ಇತ್ತು. ಕಾರಿನಲ್ಲಿದ್ದ ಎಚ್7 ಹ್ಯಾಲೊಜೆನ್ ಬಲ್ಬು 55 ವ್ಯಾಟಿನದು, ಕೊಡುವುದು ಸುಮಾರು 1,500 ಲ್ಯೂಮೆನ್. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ನೂರು ಲ್ಯೂಮೆನ್ನಿನ ಆಸುಪಾಸು ಕೊಡುತ್ತದೆಂದು ಹಿಡಿದರೂ ಇಪ್ಪತ್ತು ಸಾವಿರಕ್ಕೆ ಇನ್ನೂರು ವ್ಯಾಟ್ ಬೇಕು. ಪೆಟ್ಟಿಗೆಯ ಎರಡು ಅಂಕಿಗಳೇ ಒಂದನ್ನೊಂದು ಸುಳ್ಳು ಮಾಡುತ್ತಿದ್ದವು. ಆದರೂ ಹಾಕಿಯೇ ನೋಡೋಣ ಎಂದೆ. ಬೇಡವೆಂದರೆ ಹುಡುಗರಿಗೆ ನಂಬಿಕೆ ಬರುವುದಿಲ್ಲ. ಹುಡುಗನಿಗೆ ನಲವತ್ತಾರು ವರ್ಷ.

ಹಾಕಿದೊಡನೆ ನೆಲಮಾಳಿಗೆಯೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗಾಯಿತು. ಅವನ ಮುಖವೂ ಬೆಳಗಿತು. ಆಮೇಲೆ ಗೋಡೆ ತೋರಿಸಿದೆ. ಕಾರಿನ ಮುಂದಿನ ನೆಲ ಮೊದಲಿಗಿಂತ ಎರಡು ಪಟ್ಟು ಬೆಳಗಿತ್ತು, ಗೆರೆಯ ಮೇಲೆ ಕತ್ತಲಿರಬೇಕಾದ ಕಡೆಯೂ ಬೆಳಕಿತ್ತು; ದೂರ ನೋಡಲು ಬೇಕಾದ, ಗೆರೆಯ ಕೆಳಗೇ ಇರಬೇಕಾದ ದಟ್ಟ ಬೆಳಕಿನ ಗುಡ್ಡೆ ಮಾತ್ರ ಚದುರಿಹೋಗಿತ್ತು. ಹೆಡ್‌ಲೈಟಿನ ಒಳಗಿನ ಕನ್ನಡಿಯನ್ನೂ ಮಸೂರವನ್ನೂ ಒಂದು ಸಣ್ಣ, ಉರುಟಾದ ಫಿಲಮೆಂಟು ಇಂಥ ಜಾಗದಲ್ಲೇ ಇರುತ್ತದೆಂದು ಲೆಕ್ಕ ಹಾಕಿ ರೂಪಿಸಿರುತ್ತಾರೆ. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹೊರಡುವುದು ಒಂದು ದಪ್ಪ ಪಟ್ಟಿಯ ಎರಡು ಬದಿಗಳಿಂದ. ಬೆಳಕಿನ ಹುಟ್ಟುಜಾಗ ಬದಲಾದರೆ ಅದು ಬೀಳುವ ಜಾಗವೂ ಬದಲಾಗುತ್ತದೆ. ಮೇಲಾಗಿ ಹತ್ತಿರದ ನೆಲ ಹೆಚ್ಚು ಬೆಳಗಿದಷ್ಟೂ ಕಣ್ಣಿನ ಪಾಪೆ ಕಿರಿದಾಗಿ ದೂರದ್ದು ಇನ್ನಷ್ಟು ಕಪ್ಪಾಗುತ್ತದೆ. ಓಡಿಸುವವನಿಗೆ ಬೆಳಕು ಹೆಚ್ಚಾಯಿತೆಂಬ ಸಂತೋಷ. ಟ್ರ್ಯಾಕ್ಟರ್ ಮಾತ್ರ ಮೊದಲಿಗಿಂತಲೂ ತಡವಾಗಿ ಕಾಣುತ್ತದೆ. ಎದುರು ಬರುವವನ ಪಾಡು ಬೇರೆ. ಅಷ್ಟು ಸಾಲದೆಂಬಂತೆ ಬಲ್ಬು ಕೆಟ್ಟಿದೆ ಎಂಬ ಸೂಚನೆಯೂ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಂಡಿತು. ಎಲ್‌ಇಡಿ ನಿಜಕ್ಕೆ ಎಳೆಯುವ ಕರೆಂಟು, ಪೆಟ್ಟಿಗೆಯ ಮೇಲೆ ಏನೇ ಬರೆದಿದ್ದರೂ, ಹ್ಯಾಲೊಜೆನ್ನಿಗಿಂತ ಕಡಿಮೆಯಾದ್ದರಿಂದ ಕಾರಿನ ಕಂಪ್ಯೂಟರಿಗೆ ಬಲ್ಬು ಸತ್ತಂತೆ ಕಾಣುತ್ತದೆ.

ಕಾನೂನಿನ ಮಾತೂ ಇದೆ. ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ಮೇಲೆ ಕರ್ನಾಟಕದ ಪೊಲೀಸರು 2024ರ ಜುಲೈಯಿಂದ ರಾಜ್ಯದಾದ್ಯಂತ ಪ್ರಕರಣ ದಾಖಲಿಸತೊಡಗಿದರು. ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್ ಪ್ರಕಾರ ಮೊದಲ ಸಲ ಐನೂರರವರೆಗೆ, ಆಮೇಲೆ ಒಂದೂವರೆ ಸಾವಿರದವರೆಗೆ ದಂಡ. ಐನೂರು ರೂಪಾಯಿಗೆ ಹೆದರುವವನಲ್ಲ ಅವನು. ಗೋಡೆ ನೋಡಿ ಒಪ್ಪಿದ. ಬಲ್ಬುಗಳು ಪೆಟ್ಟಿಗೆಗೆ ಮರಳಿದವು.

ಗಾಜಲ್ಲದ ಗಾಜು

ಹೆಡ್‌ಲೈಟಿನ ಗಾಜು ಎಂದು ನಾವೆಲ್ಲ ಕರೆಯುವುದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಕಲ್ಲು ಬಡಿದರೆ ಒಡೆಯುವುದಿಲ್ಲ, ಆದರೆ ಬಿಸಿಲಿನ ಅತಿನೇರಳೆ ಕಿರಣಕ್ಕೆ ಹಳದಿಯಾಗುತ್ತದೆ. ಅದಕ್ಕೆಂದೇ ಕಾರ್ಖಾನೆಯಲ್ಲಿ ಮೇಲೊಂದು ಗಟ್ಟಿ ಲೇಪ ಕೊಟ್ಟಿರುತ್ತಾರೆ. ಹತ್ತು ಹನ್ನೆರಡು ವರ್ಷ ಬಯಲಿನಲ್ಲಿ ನಿಂತ ಕಾರಿನಲ್ಲಿ ಆ ಲೇಪವೇ ಸುಲಿದು, ಬಿರುಕು ಬಿಟ್ಟು ಮಂಜು ಕವಿದಂತಾಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಹೊಳೆಯುತ್ತದೆ ಎನ್ನುವುದು ನಿಜ. ಉಜ್ಜುವಾಗ ಉಳಿದ ಲೇಪವೂ ಹೋಗಿ ಒಂದೆರಡು ತಿಂಗಳಲ್ಲಿ ಮೊದಲಿಗಿಂತ ಹಳದಿಯಾಗುತ್ತದೆ ಎನ್ನುವುದೂ ನಿಜ. ಮೊದಲನೆಯದನ್ನು ಎಲ್ಲರೂ ಹೇಳುತ್ತಾರೆ.

ನಾವು ಮಾಡಿದ್ದು ಹೀಗೆ. ದೀಪದ ಸುತ್ತಲ ಬಣ್ಣಕ್ಕೆ ಎರಡು ಸುತ್ತು ಮಾಸ್ಕಿಂಗ್ ಟೇಪ್. ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ದ್ರಾವಣ. ಪೇಂಟ್ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರ್ ಎಂಬ ಉಜ್ಜುಕಾಗದ, ಮೊದಲು 800ರ ನಂಬರಿನದು (ನಂಬರ್ ಏರಿದಷ್ಟೂ ಕಾಗದ ನಯ). ಅದನ್ನು ನೀರಿನಲ್ಲಿ ಅದ್ದಿ ಅಡ್ಡಡ್ಡ ಉಜ್ಜಿದಾಗ ಹಳದಿ ಹಾಲಿನಂಥ ನೀರು ಇಳಿಯುತ್ತದೆ. ಅದು ಸತ್ತ ಲೇಪ. ನೀರು ಬೆಳ್ಳಗೆ ಇಳಿಯತೊಡಗುವವರೆಗೂ ಬಿಡಬಾರದು. ಈ ಹಂತದಲ್ಲಿ ದೀಪ ಸಂಪೂರ್ಣ ಕುರುಡಾಗಿ ಕಾಣುತ್ತದೆ. ಭಾವಮೈದುನ ಎರಡು ಸಲ ಕೆಳಗಿಳಿದು ಬಂದು ನೋಡಿ ಏನೂ ಹೇಳದೆ ಮೇಲೆ ಹೋದ. ಮೂರನೆಯ ಸಲ, "ಭಾವ, ಹೊಸ ಹೆಡ್‌ಲೈಟ್ ಎಷ್ಟಾಗುತ್ತದೆ ಎಂದು ಕೇಳಿದೆ. ಒಂದಕ್ಕೆ ಅರವತ್ತು ಸಾವಿರವಂತೆ" ಎಂದ. ಉಜ್ಜು ಎಂದು ಅವನ ಕೈಗೇ ಕಾಗದ ಕೊಟ್ಟೆ.

800 ಆದ ಮೇಲೆ 1500 ಉದ್ದುದ್ದ, ಆಮೇಲೆ 2000 ಮತ್ತೆ ಅಡ್ಡಡ್ಡ, ಕೊನೆಗೆ 3000. ಪ್ರತಿ ಸಲವೂ ದಿಕ್ಕು ಬದಲಿಸುವುದು ಏಕೆಂದರೆ ಹಿಂದಿನ ಕಾಗದದ ಗೀರು ಉಳಿದಿದ್ದರೆ ಅಡ್ಡಲಾಗಿ ಕಣ್ಣಿಗೆ ಬೀಳುತ್ತದೆ. ಯಾವ ನಂಬರನ್ನೂ ಹಾರಿಸಬಾರದು. ಆತುರಪಟ್ಟು ಹಾರಿಸಿದವರ ದೀಪದಲ್ಲಿ ರಾತ್ರಿ ಬೆಳಕು ಹಾಕಿದಾಗ ಸಾವಿರ ಗೀರು ಕಾಣುತ್ತದೆ. ಬಳಿಕ ರಬ್ಬಿಂಗ್ ಕಾಂಪೌಂಡ್ ಹಾಕಿ ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿದ ಸ್ಪಂಜಿನಿಂದ ಪಾಲಿಶ್. ಡ್ರಿಲ್ ಒಂದೇ ಕಡೆ ನಿಂತರೆ ಪ್ಲಾಸ್ಟಿಕ್ ಬಿಸಿಯಾಗಿ ಸುಡುತ್ತದೆ, ಕೈ ಆಡುತ್ತಲೇ ಇರಬೇಕು. ಒಂದು ದೀಪಕ್ಕೆ ಎರಡು ಗಂಟೆ ಹಿಡಿಯಿತು.

ಇಲ್ಲಿಗೆ ಮುಗಿಯಿತೆಂದುಕೊಂಡರೆ ಟೂತ್‌ಪೇಸ್ಟಿನ ಕಥೆಯೇ ಆಗುತ್ತದೆ. ಕಳೆದ ಲೇಪದ ಜಾಗಕ್ಕೆ ಹೊಸ ಲೇಪ ಬೇಕೇ ಬೇಕು. ಅತಿನೇರಳೆ ಕಿರಣ ತಡೆಯುವ, ಎರಡು ಭಾಗದ ಕ್ಲಿಯರ್ ಕೋಟ್ ಸ್ಪ್ರೇ ಡಬ್ಬಿ ತಂದೆವು. ಅದರ ತಳದ ಗುಂಡಿ ಒತ್ತಿದರೆ ಒಳಗಿನ ಗಟ್ಟಿಯಾಗಿಸುವ ದ್ರವ ಬೆರೆಯುತ್ತದೆ. ಬೆರೆತ ಮೇಲೆ ಒಂದೆರಡು ದಿನದಲ್ಲಿ ಡಬ್ಬಿಯೇ ಕಲ್ಲಾಗುವುದರಿಂದ ಎರಡು ದೀಪಗಳ ಕೆಲಸವನ್ನೂ ಒಟ್ಟಿಗೆ ಮುಗಿಸಬೇಕು. ಅದರ ಆವಿಯಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಬಟ್ಟೆಯ ಮಾಸ್ಕ್ ಸಾಲದು, ಪೇಂಟಿನವರು ಹಾಕುವ ಕಾರ್ಟ್ರಿಜ್ ಇರುವ ಮಾಸ್ಕನ್ನೇ ನಾನು ಹಳೆಯ ಸಹೋದ್ಯೋಗಿಯೊಬ್ಬರಿಂದ ಎರವಲು ತಂದೆ, ಕೆಲಸವನ್ನು ಬಯಲಿನಲ್ಲಿ ಮಾಡಿದೆ. ಇಬ್ಬನಿ ಆರಿದ ಮೇಲೆ, ಗಾಳಿ ಏಳುವ ಮೊದಲು, ಬೆಳಿಗ್ಗೆ ಹತ್ತರ ಸುಮಾರಿಗೆ ಮೂರು ತೆಳು ಪದರ. ಎದುರುಗಡೆಯ ಹೊಂಗೆ ಮರದಿಂದ ಒಂದು ಸಣ್ಣ ಹುಳು ಬಂದು ಬಲದೀಪದ ಎರಡನೆಯ ಪದರದಲ್ಲಿ ಕುಳಿತಿತು. ಈಗಲೂ ಅಲ್ಲಿಯೇ ಇದೆ.

ದೀಪ ತಿಳಿಯಾದ ಮೇಲೂ ಎಡಗಡೆಯದು ಸ್ವಲ್ಪ ಮಂಕಾಗಿತ್ತು. ಇದು ನನ್ನ ಕಸುಬಿನ ಪ್ರಶ್ನೆ. ಇಂಥ ಕಾರುಗಳಲ್ಲಿ ಬಲ್ಬಿಗೆ ಹೋಗುವ ವಿದ್ಯುತ್ತನ್ನು ಕಂಪ್ಯೂಟರು ತುಂಡರಿಸಿ ಕೊಡುವುದುಂಟು, ಹಾಗಾಗಿ ಬಲ್ಬಿನ ತುದಿಯಲ್ಲಿ ಸಾಮಾನ್ಯ ಮಲ್ಟಿಮೀಟರ್ ತೋರಿಸುವ ವೋಲ್ಟೇಜನ್ನು ಪೂರ್ತಿ ನಂಬಲಾಗದು. ಅದರ ಬದಲು ಬಲ್ಬಿನ ಅರ್ತ್ ತುದಿಗೂ ಬ್ಯಾಟರಿಯ ಮೈನಸ್ ತುದಿಗೂ ನಡುವೆ ಮೀಟರ್ ಹಿಡಿದೆ. ದೀಪ ಉರಿಯುವಾಗ ಅಲ್ಲಿ ಬಹುತೇಕ ಸೊನ್ನೆ ಇರಬೇಕು. 0.6 ವೋಲ್ಟ್ ತೋರಿಸಿತು. ಹೆಡ್‌ಲೈಟಿನ ಹಿಂದೆ ಅರ್ತ್ ತಂತಿ ಬಾಡಿಗೆ ಸೇರುವ ಬೋಲ್ಟಿನಲ್ಲಿ ಹಸಿರು ಕಿಲುಬು ಕಟ್ಟಿತ್ತು. ಬಿಚ್ಚಿ, ವಾಟರ್ ಪೇಪರಿನ ತುಂಡಿನಿಂದ ಲೋಹ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಹಚ್ಚಿದೆ. ಖರ್ಚು ಸೊನ್ನೆ. 0.6 ವೋಲ್ಟ್ ಅಂದರೆ ಏನು ಮಹಾ ಎನಿಸಬಹುದು. ಆದರೆ ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು ಮೂರೂವರೆ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ವೋಲ್ಟೇಜಿನಲ್ಲಿ ನೂರಕ್ಕೆ ಐದು ಕಳೆದರೆ ಬೆಳಕಿನಲ್ಲಿ ನೂರಕ್ಕೆ ಹದಿನಾರು ಕಳೆಯುತ್ತದೆ. ಬಲ್ಬುಗಳೂ ಹಳೆಯವಾಗಿದ್ದರಿಂದ ಅದೇ 55 ವ್ಯಾಟಿನ ಹೊಸ ಜೋಡಿ ಹಾಕಿದೆವು, ಬೆರಳು ತಾಗದಂತೆ ಟಿಶ್ಯೂ ಕಾಗದದಲ್ಲಿ ಹಿಡಿದು. ಬೆರಳಿನ ಜಿಡ್ಡು ಅಂಟಿದ ಕಡೆ ಹ್ಯಾಲೊಜೆನ್ ಬಲ್ಬಿನ ಗಾಜು ಹೆಚ್ಚು ಕಾದು ಬೇಗ ಹೋಗುತ್ತದೆ.

ನಿಮ್ಮ ಕಾರಿನಲ್ಲಿರುವುದು ಹ್ಯಾಲೊಜೆನ್ ಅಲ್ಲದೆ ಕ್ಸೆನಾನ್ ದೀಪವಾಗಿದ್ದರೆ ಬಲ್ಬಿನ ಹಿಂದೆ ಕೈ ಹಾಕಬೇಡಿ. ಅದನ್ನು ಹೊತ್ತಿಸಲು ಇಪ್ಪತ್ತು ಸಾವಿರ ವೋಲ್ಟಿಗೂ ಮೇಲಿನ ಹೊಡೆತ ಬೇಕು. ಗಾಜು ಉಜ್ಜುವುದಕ್ಕೆ ಅಡ್ಡಿಯಿಲ್ಲ, ದೀಪ ಆರಿಸಿರಿ.

ಕೊನೆಗೆ ಗುರಿ. ಡಿಪ್ ಬೆಳಕಿನ ಗೆರೆ ಸಾಮಾನ್ಯವಾಗಿ ನೂರಕ್ಕೆ ಒಂದರ ಲೆಕ್ಕದಲ್ಲಿ ಇಳಿಯಬೇಕು, ಎಂದರೆ ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್, ನಮ್ಮ ಐದು ಮೀಟರಿನ ಗೋಡೆಗೆ ಐದು ಸೆಂಟಿಮೀಟರ್. ಕೆಲವು ಕಾರುಗಳಿಗೆ ಈ ಅಂಕಿ ಬೇರೆ. ಹೆಡ್‌ಲೈಟಿನ ಬಳಿಯ ಚೀಟಿಯಲ್ಲಿ ಬರೆದಿರುತ್ತದೆ. ಟೈರಿನ ಗಾಳಿ ಸರಿಮಾಡಿ, ಡ್ರೈವರ್ ಸೀಟಿನಲ್ಲಿ ಅವನನ್ನು ಕೂರಿಸಿ ಅಳೆದರೆ ಬಲದೀಪ ದೀಪದ ಎತ್ತರಕ್ಕಿಂತ ಮೂರು ಸೆಂಟಿಮೀಟರ್ ಮೇಲಕ್ಕೇ ನೋಡುತ್ತಿತ್ತು. ಇಷ್ಟು ದಿನ ಎದುರಿನವರು ಇವನಿಗೇಕೆ ದೀಪ ಮಿಟುಕಿಸುತ್ತಿದ್ದರೆಂದು ಈಗ ತಿಳಿಯಿತು. ಹಿಂಬದಿಯ ಸ್ಕ್ರೂ ತಿರುಗಿಸಿ ಇಳಿಸಿದೆವು. ಆ್ಯಪಿನಲ್ಲಿ ಎಡ 112, ಬಲ 115.

ಒಳಗಿನ ಬೆಳಕು

ಅತ್ತೆಯ ದೂರು ಬೇರೆಯೇ ಇತ್ತು. ತೋಟದಲ್ಲಿ ಕತ್ತಲಲ್ಲಿ ಹತ್ತುವಾಗ ಕಾಲಿಡುವ ಜಾಗ ಕಾಣುವುದಿಲ್ಲ, ಬೆಲ್ಟಿನ ಕೊಂಡಿ ಕೈಗೆ ಸಿಗುವುದಿಲ್ಲ. ಬಾಗಿಲ ಕೆಳಗಿನ ದೀಪ, ಕಾಲಬಳಿಯ ದೀಪ ಎರಡೂ ಸತ್ತಿದ್ದವು. ಚಾವಣಿಯದು ಬದುಕಿತ್ತು ಎನ್ನಬಹುದಷ್ಟೆ. ಇವೆಲ್ಲ ಐದು ವ್ಯಾಟಿನ ಉದ್ದ ಕ್ಯಾಪ್ಸೂಲಿನಂಥ ಬಲ್ಬುಗಳು. 31, 36, 39, 41 ಮಿಲಿಮೀಟರ್ ಎಂದು ನಾಲ್ಕೈದು ಉದ್ದದಲ್ಲಿ ಬರುತ್ತವೆ, ಕಣ್ಣಳತೆಯಲ್ಲಿ ತಂದರೆ ಒಂದೂ ಕೂರುವುದಿಲ್ಲ. ವಿದ್ಯುತ್ ಬಿಡಿಸಾಮಾನಿನ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗುವಾಗ ಹಳೆಯದನ್ನೇ ಜೇಬಿನಲ್ಲಿ ಹಾಕಿಕೊಂಡು ಹೋಗಿ.

ನಾನು ಹಾಗೆ ಹೋದೆ, ಉದ್ದ ಸರಿಯಾಗಿಯೇ ತಂದೆ, ಬಣ್ಣ ತಪ್ಪಿತು. ಬೆಳಕಿನ ಬಣ್ಣವನ್ನು ಕೆಲ್ವಿನ್ನಿನಲ್ಲಿ ಹೇಳುತ್ತಾರೆ, ಅಂಕಿ ಏರಿದಷ್ಟೂ ನೀಲಿ ಬಿಳುಪು. 6000 ಕೆಲ್ವಿನ್ನಿನ ಎಲ್‌ಇಡಿ ಎಂಟು. ಅತ್ತೆ ಹತ್ತಿ ಕುಳಿತು ಸುತ್ತ ನೋಡಿ, "ಮೆಡಿಕಲ್ ಶಾಪಿನಲ್ಲಿ ಕುಳಿತ ಹಾಗಿದೆಯಪ್ಪ" ಎಂದರು. ಕಂದು ಚರ್ಮ, ಮರದ ಪಟ್ಟಿ ಇರುವ ಒಳಾಂಗಣ ಆ ನೀಲಿ ಬಿಳುಪಿನಲ್ಲಿ ನಿಜಕ್ಕೂ ಹೆಣದಂತೆ ಕಾಣುತ್ತಿತ್ತು. ಏಳುನೂರ ಇಪ್ಪತ್ತು ರೂಪಾಯಿ ಹೋಯಿತು. ಮತ್ತೆ ಹೋಗಿ 3000 ಕೆಲ್ವಿನ್ನಿನ, ಬಲ್ಬು ಕೆಟ್ಟ ಸೂಚನೆ ಬಾರದಂತೆ ಒಳಗೇ ರೆಸಿಸ್ಟರ್ ಇರುವವನ್ನು ತಂದೆ. ಹಾಕಿದಾಗ ಉರಿಯದಿದ್ದರೆ ಕೆಟ್ಟಿದೆ ಎಂದುಕೊಳ್ಳಬೇಡಿ, ತಿರುಗಿಸಿ ಹಾಕಿ. ಎಲ್‌ಇಡಿಗೆ ಪ್ಲಸ್ ಮೈನಸ್ ಮುಖ್ಯ.

ಇನ್ನು ಅಲಂಕಾರ ದೀಪ. ನನಗೆ ಅದು ಬೇಡವಾಗಿತ್ತು, ಅವನಿಗೆ ಬೇಕಾಗಿತ್ತು. ಅರವತ್ತನಾಲ್ಕು ಬಣ್ಣದ ಬದಲು ಡ್ಯಾಶ್‌ಬೋರ್ಡಿನ ಮತ್ತು ಬಾಗಿಲಿನ ಸಂದಿಯಲ್ಲಿ ತೂರಿಸುವ, ಪಕ್ಕದಿಂದ ಬೆಳಗುವ ಫೈಬರ್ ಎಳೆ ತಂದೆವು, ಸಾವಿರದ ಎಂಟುನೂರಕ್ಕೆ. ವಿದ್ಯುತ್ತಿಗೆ ಕಾರಿನ ಯಾವ ತಂತಿಯನ್ನೂ ಸುಲಿಯಬಾರದು. ಫ್ಯೂಸ್ ಪೆಟ್ಟಿಗೆಯಲ್ಲಿ ಒಂದು ಫ್ಯೂಸ್ ತೆಗೆದು ಆ ಜಾಗಕ್ಕೆ ಸಿಕ್ಕಿಸುವ ಫ್ಯೂಸ್ ಟ್ಯಾಪ್ ಸಿಗುತ್ತದೆ. ಹಳೆಯ ಫ್ಯೂಸ್ ಅದರಲ್ಲೇ ಉಳಿಯುತ್ತದೆ, ಹೊಸ ದೀಪಕ್ಕೆ ಬೇರೆ ಎರಡು ಆಂಪಿಯರಿನ ಫ್ಯೂಸ್. ತಂತಿಯನ್ನು ಮುಂಗಾಜಿನ ಪಕ್ಕದ ಕಂಬದ ಒಳಗೆ ಒಯ್ಯಲಿಲ್ಲ, ಅಲ್ಲಿ ಪರದೆಯಂತೆ ಇಳಿಯುವ ಏರ್‌ಬ್ಯಾಗ್ ಮಡಚಿಟ್ಟಿರುತ್ತದೆ. ಹಳದಿ ಬಣ್ಣದ ಕನೆಕ್ಟರ್ ಕಂಡಲ್ಲೆಲ್ಲ ಕೈ ಹಿಂದೆ ತೆಗೆದೆವು, ಅದು ಏರ್‌ಬ್ಯಾಗಿನದು.

ಇಷ್ಟು ಎಚ್ಚರ ವಹಿಸಿದ ನಾನು ಮಾಡಿದ ತಪ್ಪು ಸಣ್ಣ ಹುಡುಗನೂ ಮಾಡಬಾರದ್ದು. ಬೀಗ ಹಾಕಿದ ಮೇಲೂ ವಿದ್ಯುತ್ ಇರುವ ಫ್ಯೂಸಿಗೆ ಟ್ಯಾಪ್ ಹಾಕಿದ್ದೆ. ದೀಪ ಆರಿದ್ದರೂ ಅದರ ಬಣ್ಣವನ್ನು ಮೊಬೈಲಿನಿಂದ ಬದಲಿಸುವ ಬ್ಲೂಟೂತ್ ಪೆಟ್ಟಿಗೆ ಎಚ್ಚರವಾಗಿಯೇ ಇತ್ತು. ಎಂಟು ದಿನ ಕಾರು ನಿಂತಲ್ಲೇ ನಿಂತಿತ್ತು. ಒಂಬತ್ತನೆಯ ದಿನ ಕೀ ಒತ್ತಿದರೆ ಟಿಕ್ ಎಂದಷ್ಟೇ ಸದ್ದು. ಆಟೊಮ್ಯಾಟಿಕ್ ಕಾರು, ತಳ್ಳಿ ಸ್ಟಾರ್ಟ್ ಮಾಡುವಂತಿಲ್ಲ. ಪಕ್ಕದ ಮನೆಯವರ ಸಣ್ಣ ಕಾರಿನಿಂದ ಜಂಪರ್ ಕೇಬಲ್ ಎಳೆದು ಈ ದೊರೆಯನ್ನು ಎಬ್ಬಿಸಬೇಕಾಯಿತು.

ಆಮೇಲೆ ಮೊದಲೇ ಮಾಡಬೇಕಾಗಿದ್ದ ಪರೀಕ್ಷೆ ಮಾಡಿದೆ. ಬಾನೆಟ್ ತೆರೆದಿಟ್ಟು, ಬಾಗಿಲಿನ ಚಿಲಕವನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ ಸ್ಥಿತಿಗೆ ತಂದು, ಬ್ಯಾಟರಿಯ ಮೈನಸ್ ತಂತಿಗೆ ಸಾಲಾಗಿ ಮೀಟರ್ ಸೇರಿಸಿ, ಅರ್ಧ ಗಂಟೆ ಕಾದೆ. ಕಾರಿನ ಕಂಪ್ಯೂಟರುಗಳು ಒಂದೊಂದಾಗಿ ನಿದ್ದೆಗೆ ಹೋಗಲು ಅಷ್ಟು ಹೊತ್ತು ಬೇಕು. ಸಾಮಾನ್ಯವಾಗಿ 0.05 ಆಂಪಿಯರಿಗಿಂತ ಕೆಳಗಿರಬೇಕು. 0.21 ಇತ್ತು. ಎಂಟು ದಿನಕ್ಕೆ ಲೆಕ್ಕ ಹಾಕಿದರೆ ನಲವತ್ತು ಆಂಪಿಯರ್ ಗಂಟೆ. ಹಳೆಯ ಬ್ಯಾಟರಿ ಎಲ್ಲಿ ತಾಳುತ್ತದೆ? ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ಫ್ಯೂಸಿಗೆ ಟ್ಯಾಪ್ ಬದಲಿಸಿದೆ. 0.03ಕ್ಕೆ ಇಳಿಯಿತು. ಭಾವಮೈದುನ ಈ ವಿಷಯವನ್ನು ಒಮ್ಮೆಯೂ ಎತ್ತಿಲ್ಲ, ಅವನ ಅಕ್ಕ ಎತ್ತುತ್ತಿರುತ್ತಾಳೆ.

ಕೂರುವ ಸುಖ

ಜೆ.ಸಿ. ರಸ್ತೆಯ ಪಟ್ಟಿಯಲ್ಲಿ ದೊಡ್ಡ ಮೊತ್ತವೆಲ್ಲ ಸೀಟಿಗೂ ಬಾಗಿಲಿಗೂ ಇತ್ತು. ಕಾರು ಗಡುಸಾಗಿದೆ, ಹಂಪಿನ ಮೇಲೆ ಬೆನ್ನು ಮುರಿಯುತ್ತದೆ ಎನ್ನುವುದು ಅತ್ತೆಯ ಮಾತು. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಕಟ್ಟುವ ಹಂಪು ವಾಹನ ಓಡುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ಹತ್ತು ಸೆಂಟಿಮೀಟರ್ ಎತ್ತರ ಇರಬೇಕು. ಬನಶಂಕರಿಯಿಂದ ತೋಟದವರೆಗೆ ಅಂಥ ಒಂದು ಹಂಪು ಇದ್ದರೆ ನಾನು ಹೋಗಿ ಹೂವಿನ ಹಾರ ಹಾಕುತ್ತೇನೆ. ಹಂಪನ್ನು ನಾವು ಸರಿಮಾಡಲಾಗದು. ಟೈರಿನ ಗಾಳಿಯನ್ನು ಸರಿಮಾಡಬಹುದು.

ಬೆಳಿಗ್ಗೆ, ಕಾರು ಓಡುವ ಮೊದಲು ಅಳೆದರೆ ನಾಲ್ಕೂ ಚಕ್ರಗಳಲ್ಲಿ 40 ಪಿಎಸ್ಐ. ದೊಡ್ಡ ಕಾರು ಎಂದು ಪಂಕ್ಚರ್ ಅಂಗಡಿಯ ಹುಡುಗ ಧಾರಾಳವಾಗಿ ತುಂಬಿದ್ದ. ಇಂಧನ ಟ್ಯಾಂಕಿನ ಮುಚ್ಚಳದ ಒಳಬದಿಯ ಚೀಟಿಯಲ್ಲಿ ಮುಂದಕ್ಕೆ 2.2 ಬಾರ್, ಹಿಂದಕ್ಕೆ 2.4 ಬಾರ್ ಎಂದಿತ್ತು. ಒಂದು ಬಾರ್ ಎಂದರೆ 14.5 ಪಿಎಸ್ಐ, ಹಾಗಾಗಿ 32 ಮತ್ತು 35. ತುಂಬು ಸಾಮಾನು, ಐದು ಜನರಿದ್ದಾಗಿನ ಅಂಕಿ ಬೇರೆ ಸಾಲಿನಲ್ಲಿತ್ತು. ಗಾಳಿ ಇಳಿಸಿ ಅತ್ತೆಯನ್ನು ಪದ್ಮನಾಭನಗರದವರೆಗೆ ಒಂದು ಸುತ್ತು ಕರೆದೊಯ್ದೆವು. ಸೀಟು ಬದಲಾಯಿಸಿದಿರಾ ಎಂದು ಕೇಳಿದರು. ಈ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಸುಖ ಕೊಟ್ಟದ್ದು ಬಿಟ್ಟ ಗಾಳಿ.

ಹಿಂದಿನ ಸೀಟಿಗೆ ಎಸಿ ತಣ್ಣಗೆ ಬರುವುದಿಲ್ಲ ಎಂಬುದಕ್ಕೆ ಕಾರಣ, ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್. ಹೊರತೆಗೆದಾಗ ಅದು ಫಿಲ್ಟರಿನಂತಿರಲಿಲ್ಲ, ಗೊಬ್ಬರದ ಗುಂಡಿಯ ಒಂದು ತುಂಡಿನಂತಿತ್ತು: ಮೇಲೆ ಮಳೆಮರದ ಸಣ್ಣೆಲೆ, ಕೆಳಗೆ ಕಪ್ಪು ಧೂಳು, ನಡುವೆ ಒಂದು ಜಿರಳೆಯ ರೆಕ್ಕೆ. ಇದ್ದಿಲಿನ ಪದರವಿರುವ ಹೊಸದಕ್ಕೆ ಎಂಟುನೂರೈವತ್ತು. ಅದೇ ಕೈಯಲ್ಲಿ ಬಾನೆಟ್ಟಿನ ಹಿಂದೆ, ವೈಪರಿನ ಕೆಳಗಿನ ತೊಟ್ಟಿಯನ್ನೂ ನೋಡಿದೆವು. ಮುಂಗಾಜಿನಿಂದ ಇಳಿದ ಮಳೆನೀರು ಹರಿದುಹೋಗುವ ತೂತುಗಳು ಅಲ್ಲಿವೆ. ಬೆಂಗಳೂರಿನಲ್ಲಿ ಮರದ ನೆರಳಿಗೆ ಕಾರು ನಿಲ್ಲಿಸುವವರು ಇದನ್ನು ಮಳೆಗಾಲಕ್ಕೆ ಮೊದಲು ನೋಡಲೇಬೇಕು. ಎಲೆ ಕೊಳೆತು ತೂತು ಮುಚ್ಚಿದರೆ ನೀರು ಏರಿ ಕಾರಿನ ಒಳಗೆ ಇಳಿಯುತ್ತದೆ, ಎಷ್ಟೋ ಕಾರುಗಳಲ್ಲಿ ಕಾರ್ಪೆಟ್ಟಿನ ಕೆಳಗೇ ಕಂಪ್ಯೂಟರ್ ಪೆಟ್ಟಿಗೆಗಳಿರುತ್ತವೆ. ಇಲ್ಲಿ ಒಂದು ತೂತು ಪೂರ್ತಿ ಮುಚ್ಚಿತ್ತು.

ಅತ್ತೆಗೆ ಸೀಟು ತಗ್ಗು, ಏಳಲು ಕಷ್ಟ. ಬಡಾವಣೆಯ ಕುಶನ್ ಕೆಲಸದವರಿಂದ 40 ಸಾಂದ್ರತೆಯ ಫೋಮಿನಲ್ಲಿ ಎರಡು ಇಂಚಿನ ದಿಂಬು ಹೊಲಿಸಿದೆವು. ಇನ್ನೂ ದಪ್ಪ ಬೇಕೆಂದರು, ನಾನು ಒಪ್ಪಲಿಲ್ಲ. ಬೆಲ್ಟು ಸೊಂಟದ ಮೂಳೆಯ ಮೇಲೆ ಕೂರಬೇಕು. ತೀರ ಎತ್ತರಿಸಿದರೆ ಅದು ಜಾರುತ್ತದೆ. ಸೀಟಿಗೆ ಪೂರ್ತಿ ಹೊದಿಕೆ ಹಾಕಿಸುವ ಯೋಚನೆಯನ್ನೂ ಬಿಟ್ಟೆವು, ಈ ಕಾರಿನಲ್ಲಿ ಪಕ್ಕದ ಏರ್‌ಬ್ಯಾಗು ಮುಂದಿನ ಸೀಟಿನ ಹೊಲಿಗೆಯಿಂದಲೇ ಸಿಡಿದು ಬರಬೇಕು. ಇಳಿಯುವಾಗ ಊರಿಕೊಳ್ಳಲು ಒಂದು ಸಣ್ಣ ಹಿಡಿಕೆ ಸಿಗುತ್ತದೆ. ಬಾಗಿಲು ತೆರೆದಾಗ ಕಂಬದಲ್ಲಿ ಕಾಣುವ ಇಂಗ್ಲಿಷಿನ ಯು ಆಕಾರದ ಕಬ್ಬಿಣದ ಕೊಂಡಿಗೆ ಅದರ ಮೂತಿ ಸಿಕ್ಕಿಸಿ, ಕೈಯೂರಿ ಏಳಬಹುದು. ನಾನೂರೈವತ್ತು ರೂಪಾಯಿ. ಈಗ ಅದು ಅತ್ತೆಯ ಕೈಚೀಲದಲ್ಲಿರುತ್ತದೆ, ಬೇರೆಯವರ ಕಾರು ಹತ್ತಿದರೂ ತೆಗೆಯುತ್ತಾರೆ.

ಬಿಸಿಲಿನ ಪ್ರಶ್ನೆ ಉಳಿದಿತ್ತು. ಗಾಜಿಗೆ ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರ ಏಪ್ರಿಲ್‌ನಲ್ಲಿ ನಿಷೇಧಿಸಿತು. ನಿಯಮಕ್ಕೆ ಒಳಪಟ್ಟ ಫಿಲ್ಮಿಗೆ ಅಡ್ಡಿಯಿಲ್ಲವೆಂದು ಕೇರಳದ ಹೈಕೋರ್ಟು 2024ರಲ್ಲಿ ಹೇಳಿದ್ದರೂ, ಸಿಗ್ನಲ್ಲಿನಲ್ಲಿ ನಿಂತು ಆ ತೀರ್ಪಿನ ಮೇಲೆ ವಾದ ಮಾಡುವ ತಾಳ್ಮೆ ನಮಗಿಲ್ಲ. ನಿಂತಾಗ ಮುಂಗಾಜಿಗೆ ಮಡಚುವ ಹೊಳಪಿನ ಪರದೆ ಇಟ್ಟೆವು. ಓಡುವಾಗಿನದಕ್ಕೆ ಪರಿಹಾರ ಹೇಳಿದ್ದು ನನ್ನ ಹೆಂಡತಿ. ಬೆಳಿಗ್ಗೆ ದಕ್ಷಿಣಕ್ಕೆ ಹೋಗುವಾಗ ಬಿಸಿಲು ಬೀಳುವುದು ಎಡಗಡೆ. "ಅಮ್ಮ ಹೋಗುವಾಗ ಬಲಗಡೆ ಕುಳಿತುಕೊಳ್ಳಲಿ, ಬರುವಾಗ ಹೇಗೂ ಕತ್ತಲು" ಎಂದಳು. ಎರಡು ವರ್ಷದಿಂದ ಯಾರಿಗೂ ಹೊಳೆದಿರಲಿಲ್ಲ.

ಬಾಗಿಲುಗಳಿಗೆ ಶಬ್ದ ತಡೆಯುವ ಹಾಳೆ ಹಾಕಲಿಲ್ಲ. ಹಲವು ಕಾರುಗಳಲ್ಲಿ ಪಕ್ಕದ ಡಿಕ್ಕಿಯನ್ನು ಗ್ರಹಿಸಲು ಬಾಗಿಲ ಒಳಗಿನ ಗಾಳಿಯ ಒತ್ತಡ ಅಳೆಯುವ ಸೆನ್ಸರ್ ಇರುತ್ತದೆ; ಒಳಗಿನ ತೆಳು ಹೊದಿಕೆ ಹರಿದು ಸರಿಯಾಗಿ ಮುಚ್ಚದಿದ್ದರೆ ಅದರ ಲೆಕ್ಕ ತಪ್ಪಬಹುದು. ಈ ಕಾರಿನಲ್ಲಿ ಅದು ಇತ್ತು. ಅದನ್ನು ಮುಟ್ಟುವ ಧೈರ್ಯ ನನಗೂ ಬರಲಿಲ್ಲ.

ಲೆಕ್ಕ

ಕಾಗದ, ಟೇಪ್, ಕಾಂಪೌಂಡ್ 650, ಕ್ಲಿಯರ್ ಕೋಟ್ 950, ಹ್ಯಾಲೊಜೆನ್ ಬಲ್ಬಿನ ಜೋಡಿ 1,100, ಒಳಗಿನ ಎಲ್‌ಇಡಿ ಎಂಟು 960, ಫೈಬರ್ ದೀಪ 1,800, ಫ್ಯೂಸ್ ಟ್ಯಾಪ್, ತಂತಿ 250, ಫಿಲ್ಟರ್ 850, ದಿಂಬು 1,400, ಹಿಡಿಕೆ 450, ಪರದೆ 400. ಒಟ್ಟು 8,810. ವ್ಯರ್ಥವಾದದ್ದು ಅವನ ಎಲ್‌ಇಡಿ 4,500, ನನ್ನ ಎಲ್‌ಇಡಿ 720. ಸೇರಿಸಿದರೆ 14,030. ನಾಲ್ಕು ಭಾನುವಾರಗಳಿಗೆ ಬೆಲೆ ಕಟ್ಟಿಲ್ಲ.

ಆರು ತಿಂಗಳ ಮೇಲೆ ಮತ್ತೆ ಗೋಡೆಯ ಮುಂದೆ ನಿಲ್ಲಿಸಿ ನೋಡಿದೆವು. ಎಡದೀಪ 110, ಬಲದೀಪ 104. ಅವರ ಮನೆಯ ಮುಂದೆ ಕಾರು ನಿಲ್ಲುವಾಗ ಬಲದೀಪ ಪಶ್ಚಿಮದ ಬಿಸಿಲಿಗೆ ಮುಖಮಾಡಿರುತ್ತದೆ. ಅದರ ಮೇಲಂಚಿನಲ್ಲಿ, ಆ ಹುಳುವಿನ ಪಕ್ಕದಲ್ಲೇ, ಬೆರಳಗಲ ಮಬ್ಬು ಶುರುವಾಗಿದೆ. ಮುಂದಿನ ಬೇಸಿಗೆಗೆ 2000ರ ಕಾಗದದಿಂದ ತೊಡಗಿದರೆ ಸಾಕಾಗಬಹುದು, ಅಲ್ಲಿಯವರೆಗೆ ದಿನ ಬಿಟ್ಟು ದಿನ ಕಾರನ್ನು ತಿರುಗಿಸಿ ನಿಲ್ಲಿಸು ಎಂದು ಹೇಳಿದ್ದೇನೆ. ಚಾವಣಿಯ ಬಟ್ಟೆ ಹಿಂಬದಿಯಲ್ಲಿ ಜೋತುಬೀಳತೊಡಗಿದೆ, ಅದಕ್ಕಿನ್ನೂ ಕೈ ಹಾಕಿಲ್ಲ. ನಾನು ಬೇಡವೆಂದಿದ್ದ ಫೈಬರ್ ದೀಪವನ್ನು ಅತ್ತೆ ರಾತ್ರಿಯೆಲ್ಲ ಉರಿಸಿಕೊಂಡೇ ಬರುತ್ತಾರೆ. ಕಿತ್ತಳೆ ಬಣ್ಣವೇ ಆಗಬೇಕು. ಅವನು ಮೊನ್ನೆ ನೀಲಿಗೆ ಬದಲಿಸಿದ್ದಕ್ಕೆ ಹಾರೋಹಳ್ಳಿ ಬರುವವರೆಗೂ ಮಾತಾಡಲಿಲ್ಲವಂತೆ.